ತೊಳೆಯೋ ಡಾಕ್ಟ್ರು

ಅವರು ತೀರಿಕೊಂಡರೆಂದು ಹೊಸದುರ್ಗದಿಂದ ಅವರ ತಮ್ಮ ಫೋನ್ ಮಾಡಿದಾಗ ನನ್ನ ಬಾಯಿಂದ ಮೊದಲು ಹೊರಟದ್ದು, "ಯಾರ ಜೊತೆ ಜಗಳ ಆಡ್ತಿದ್ರು?" ಎಂಬ ಮಾತು. ಸಾವಿನ ಸುದ್ದಿ ಕೇಳಿ ಯಾರೂ ಹೀಗೆ ಮಾತಾಡುವುದಿಲ್ಲ. ಆದರೆ ತಮ್ಮನಿಗೆ ಬೇಸರವಾದಂತೆ ಕಾಣಲಿಲ್ಲ.

"ಆಸ್ಪತ್ರೆಯವರ ಜೊತೆನೇ ರೀ," ಅಂದರು. "ಕೈಗೆ ಚುಚ್ಚೋ ಸೂಜಿನ ಪೊಟ್ಟಣದಿಂದ ತೆಗೆದ ಮೇಲೆ ನರ್ಸಮ್ಮ ಎಲ್ಲಿಗೋ ತಾಗಿಸಿದ್ಳು ಅಂತ. ಹೊಸಾದು ತರೋ ತನಕ ಕೈ ಕೊಡಲಿಲ್ಲ."

ನನಗೆ ಅಳು ಬರಲಿಲ್ಲ. ಬಂದದ್ದು ಹಳೆಯ ಸಿಟ್ಟು, ಇಷ್ಟು ವರ್ಷವಾದರೂ ಬಿಸಿ ಆರದ್ದು. ಅವರ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆದು ಕೊಡಿ ಎಂದು ತಮ್ಮ ಕೇಳಿದ್ದಾರೆ. ಒಳ್ಳೆಯ ಮಾತೇ ಬರುತ್ತದೆ ಎಂದು ನಾನು ಭರವಸೆ ಕೊಟ್ಟಿಲ್ಲ.

ಎಪ್ಪತ್ತರ ದಶಕದಲ್ಲಿ ಹಿರಿಯೂರಿನಿಂದ ಸ್ವಲ್ಪ ಆಚೆ, ಹೆದ್ದಾರಿಯ ಪಕ್ಕದಲ್ಲಿ, ಒಂದು ಸಣ್ಣ ಟ್ರಸ್ಟ್ ಆಸ್ಪತ್ರೆ ಇತ್ತು. ಈಗ ಅದಿಲ್ಲ. ನಾನು ಅಲ್ಲಿ ಹೆರಿಗೆ ನೋಡಿಕೊಳ್ಳುತ್ತಿದ್ದೆ. ಆಪರೇಷನ್ ಇದ್ದ ದಿನ ರೋಗಿಗೆ ಈಥರ್ ಕೊಟ್ಟು ಮಲಗಿಸುವ ಕೆಲಸವೂ ನನ್ನದೇ. ಅವರು ಸರ್ಜನ್. ಹೆದ್ದಾರಿಯಲ್ಲಿ ಲಾರಿ ಜಾಸ್ತಿ, ಅದಕ್ಕೆ ತಕ್ಕಂತೆ ಮುರಿದ ಕೈಕಾಲೂ ಜಾಸ್ತಿ. ಮುರಿದ ಮೂಳೆಗೆ ಸ್ಟೀಲಿನ ಪ್ಲೇಟು ಇಟ್ಟು, ಸ್ಕ್ರೂ ತಿರುಗಿಸಿ ಕೂಡಿಸುವುದರಲ್ಲಿ ಅವರ ಕೈ ಬಹಳ ಚೆನ್ನಾಗಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಹೇಳುವ ಮನಸ್ಸು ಉಳಿಯುತ್ತದೋ ಇಲ್ಲವೋ.

ನಾನು ಕೆಲಸಕ್ಕೆ ಸೇರಿದ ದಿನ ಅವರು ನಲ್ಲಿಯ ಮುಂದೆ ನಿಂತು ಕೈ ತೊಳೆಯುತ್ತಿದ್ದರು. ನಮಸ್ಕಾರ ಅಂದೆ. ತಿರುಗಿ ನೋಡದೆ, "ಕೈ ತೊಳಕಂಡು ಬರ್ರಿ, ಆಮೇಲೆ ನಮಸ್ಕಾರ," ಅಂದರು. ತೊಳೆದು ಬಂದೆ. ಒಂದು ಗಾಜಿನ ತುಂಡು ಕೊಟ್ಟು, ಬೆರಳಿಂದ ಒತ್ತಿ, ಉಸಿರು ಬಿಡಿ ಅಂದರು. ಉಸಿರಿನ ಮಂಜಿನ ನಡುವೆ ನನ್ನ ಬೆರಳ ಗುರುತು ಎದ್ದು ಕಂಡಿತು.

"ನೋಡ್ರಿ ಡಾಕ್ಟ್ರಮ್ಮ, ತೊಳೆದ ಕೈ ಇದು. ಈ ಜಿಡ್ಡನ್ನ ಒಬ್ಬರ ತೊಡೆ ಒಳಗೆ ಇಟ್ಟು ಹೊಲಿಗೆ ಹಾಕ್ತೀರಾ?"

ನಾನು ಮೂಳೆಯ ಡಾಕ್ಟರಲ್ಲ, ಯಾರ ತೊಡೆಯೊಳಗೂ ಏನೂ ಇಡುವುದಿಲ್ಲ ಎಂದೆ. "ಇಡೋರ ಪಕ್ಕ ನಿಲ್ತೀರಲ್ಲ," ಎಂದು ಮತ್ತೆ ಕೈ ತೊಳೆಯತೊಡಗಿದರು. ಮೊದಲ ದಿನವೇ ಸಂಜೆ ನಾನು ದುರ್ಗದ ನಮ್ಮ ಮನೆಗೆ ಹೋಗಿ, ಈ ಕೆಲಸ ಬಿಡುತ್ತೇನೆ ಎಂದೆ. ಆಮೇಲೆ ಆರೇಳು ವರ್ಷ ಅಲ್ಲೇ ಇದ್ದೆ.

ಸುತ್ತಲಿನ ಹಳ್ಳಿಯವರು ಅವರಿಗಿಟ್ಟ ಹೆಸರು ತೊಳೆಯೋ ಡಾಕ್ಟ್ರು. ಹೆಸರಿಗೆ ಕಾರಣವಿತ್ತು. ಆ ಕಾಲದಲ್ಲಿ ರಬ್ಬರಿನ ಗ್ಲೌಸನ್ನು ಒಮ್ಮೆ ಹಾಕಿ ಎಸೆಯುತ್ತಿರಲಿಲ್ಲ. ತೊಳೆದು, ಒಣಗಿಸಿ, ತೂತಿದ್ದರೆ ತೇಪೆ ಹಾಕಿ, ಒಂದಕ್ಕೊಂದು ಅಂಟದಿರಲೆಂದು ಪುಡಿ ಉದುರಿಸಿ, ಆವಿಯಲ್ಲಿ ಬೇಯಿಸಿ ಮತ್ತೆ ಬಳಸುತ್ತಿದ್ದೆವು. ಇವರು ಆ ಗ್ಲೌಸು ಹಾಕಿಕೊಂಡ ಮೇಲೆ ಪುಡಿ ಹೋಗಲೆಂದು ಬಟ್ಟಿ ಇಳಿಸಿದ ನೀರಲ್ಲಿ ಮತ್ತೆ ತೊಳೆಯುತ್ತಿದ್ದರು. ಆಮೇಲೆ ಪ್ಲೇಟು ತೊಳೆಯುತ್ತಿದ್ದರು. ಸ್ಕ್ರೂಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು, ಗೀರಿದ್ದರೆ ಬದಿಗಿಡುತ್ತಿದ್ದರು. ಅಷ್ಟು ಹೊತ್ತು ನಾನು ರೋಗಿಯ ಮೂಗಿನ ಮೇಲೆ ಈಥರಿನ ಮಾಸ್ಕ್ ಹಿಡಿದು, ನಾಡಿ ನೋಡುತ್ತಾ, ಅದೇ ಈಥರಿನ ವಾಸನೆಗೆ ತಲೆ ತಿರುಗಿ ನಿಂತಿರಬೇಕು.

"ಸಾರ್, ರೋಗಿ ಏಳೋ ಹೊತ್ತಾಯ್ತು."

"ಎದ್ರೆ ಇನ್ನೊಂದು ಸಲ ಮಲಗಿಸ್ರಿ. ಪ್ಲೇಟು ಒಂದ್ಸಲ ಒಳಗೆ ಹೋದ್ರೆ ನಾನು ಕ್ಷಮೆ ಕೇಳಾಕೆ ಹೋಗಕಾಗಲ್ಲ."

ಅವರ ತಲೆಯಲ್ಲಿ ಕೂತಿದ್ದ ವಿಷಯ ಇದು: ಮೈಯೊಳಗೆ ಹೊರಗಿನ ವಸ್ತುವೊಂದನ್ನು ಇಟ್ಟರೆ, ಆ ವಸ್ತು ಏನು ಎಂಬುದಕ್ಕಿಂತ ಅದರ ಮೇಲ್ಮೈ ಹೇಗಿದೆ ಎಂಬುದನ್ನು ಮೈ ನೋಡುತ್ತದೆ. ಇದನ್ನು ಅವರು ಎಲ್ಲರಿಗೂ ಹೇಳುತ್ತಿದ್ದರು. ರೋಗಿಯ ನೆಂಟರಿಗೆ, ಬಸ್ಸಿನಲ್ಲಿ ಪಕ್ಕ ಕೂತವರಿಗೆ, ಔಷಧಿ ಮಾರಲು ಬಂದ ಏಜೆಂಟರಿಗೆ.

"ಲೋಹ ಒಳಗೆ ಹೋದ ತಕ್ಷಣ ರಕ್ತದಾಗಿರೋ ಪ್ರೋಟೀನು ಬಂದು ಅದರ ಮ್ಯಾಲೆ ಕುಂತ್ಕಂತವೆ. ನೆಲ ಹೆಂಗೈತೋ ಹಂಗೆ. ಚೊಕ್ಕ ಇದ್ರೆ ಸುಮ್ನೆ ಕುಂತ್ಕಂತವೆ. ಜಿಡ್ಡು, ಪುಡಿ, ತುಕ್ಕು ಇದ್ರೆ ಮೈ ಮುರಕಂಡು ಕುಂತ್ಕಂತವೆ. ಆಮೇಲೆ ಬಿಳಿ ಕಣಗಳು ಬಂದು ತಡವಿ ನೋಡ್ತವೆ. ಅವು ತಡವೋದು ಲೋಹನಲ್ಲ ರೀ, ಅಲ್ಲಿ ಕುಂತಿರೋರ್ನ. ಕುಂತಿರೋರ ಅವತಾರ ಸರಿ ಕಾಣ್ಲಿಲ್ಲ ಅಂದ್ರೆ ಜಗಳ ಶುರು."

ಜಗಳದ ವಿಷಯ ಅವರಿಗೆ ಚೆನ್ನಾಗಿಯೇ ಗೊತ್ತಿತ್ತು.

ಒಮ್ಮೆ ಅಡುಗೆಯ ಹನುಮಕ್ಕನಿಗೂ ಇದನ್ನು ಅರ್ಥ ಮಾಡಿಸಲು ಹೊರಟರು. ಆಕೆಯ ದೋಸೆ ಹೆಂಚು ವರ್ಷಗಟ್ಟಲೆ ಎಣ್ಣೆ ಕುಡಿದು ಕಪ್ಪಗೆ ಕನ್ನಡಿಯಂತಾಗಿತ್ತು. ಒಂದು ಬೆಳಗ್ಗೆ ಅಡುಗೆಮನೆಗೆ ಹೋಗಿ, ಆ ಹೆಂಚಿನ ಅರ್ಧ ಭಾಗವನ್ನು ಇಟ್ಟಿಗೆ ಪುಡಿಯಿಂದ ಉಜ್ಜಿ ಬೆಳ್ಳಗೆ ಮಾಡಿ, ಈಗ ದೋಸೆ ಹುಯ್ಯಿ ಅಂದರು. ಒಂದು ಕಡೆ ದೋಸೆ ನೀಟಾಗಿ ಎದ್ದಿತು, ಇನ್ನೊಂದು ಕಡೆ ಹೆಂಚಿಗೇ ಕಚ್ಚಿಕೊಂಡಿತು. "ನೋಡಿದ್ಯಾ? ಕಬ್ಬಿಣ ಅದೇ, ಹಿಟ್ಟು ಅದೇ. ಬದಲಾಗಿದ್ದು ಮ್ಯಾಲಿನದು ಅಷ್ಟೇ," ಎಂದು ಖುಷಿಯಿಂದ ಹೊರಟುಹೋದರು. ಹನುಮಕ್ಕ ಹೆಂಚು ಹಿಡಿದು ನನ್ನ ಹತ್ತಿರ ಬಂದಳು.

"ಅಮ್ಮಾವ್ರೇ, ಈ ಹೆಂಚು ಪಳಗಾಕೆ ಇನ್ನೊಂದು ವರ್ಷ ಬೇಕು. ಅಲ್ಲೀಗಂಟ ಇವರ ಮನೇಲಿ ದೋಸೆ ತಿನ್ನಾಕೆ ಹೋಗಾಣೇನು?"

ಅವರ ಮನೆಯಲ್ಲಿ ದೋಸೆ ತಿನ್ನುವುದೂ ಸುಲಭವಿರಲಿಲ್ಲ. ಅವರ ಹೆಂಡತಿ ಹೊಸದುರ್ಗದಲ್ಲೇ ಇರುತ್ತಿದ್ದರು, ಹಬ್ಬಕ್ಕೆ ಮಾತ್ರ ಬರುತ್ತಿದ್ದರು. ಯಾಕೆ ಎಂದು ನಾನು ಒಮ್ಮೆ ಕೇಳಿದ್ದಕ್ಕೆ, "ಲೋಟ ತೊಳೆದು ತೊಳೆದು ಕೈ ಬೇಯ್ತಾವೆ ಡಾಕ್ಟ್ರಮ್ಮ. ಅತ್ತೆ ಮನೇಲಿ ಹಾಯಾಗಿದೀನಿ," ಎಂದರು. ಅತ್ತೆಯ ಮನೆಯನ್ನು ಹಾಯಾಗಿದೆ ಎಂದ ಸೊಸೆಯನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

ಇಷ್ಟೆಲ್ಲ ಶುದ್ಧಿಯ ನಡುವೆ ಅವರಿಗೆ ಒಂದು ಹೆಮ್ಮೆಯ ವಸ್ತುವಿತ್ತು: ಒಂದು ಇಕ್ಕಳ. ಮುರಿದ ಮೂಳೆಯ ಬಾಗಿಗೆ ಸರಿಯಾಗಿ ಪ್ಲೇಟನ್ನೂ ಬಗ್ಗಿಸಬೇಕಾಗುತ್ತದೆ. ಅದಕ್ಕೆಂದು ಬಂದಿದ್ದ ಸಾಧನ ತಮ್ಮ ಕೈಗೆ ಒಗ್ಗುವುದಿಲ್ಲವೆಂದು, ತಾವೇ ಚಿತ್ರ ಬರೆದುಕೊಟ್ಟು, ಹೊಸದುರ್ಗದ ಕಮ್ಮಾರರೊಬ್ಬರಿಂದ ಒಂದು ಮಾಡಿಸಿಕೊಂಡಿದ್ದರು. ಅದನ್ನೂ ಕುದಿಸಿ, ತೊಳೆದು, ಬಟ್ಟೆಯಲ್ಲಿ ಸುತ್ತಿ ಇಡುತ್ತಿದ್ದರು. ಬೇರೆಯವರು ಮುಟ್ಟುವ ಹಾಗಿರಲಿಲ್ಲ.

ಕರಿಯಮ್ಮ ಬಂದದ್ದು ಒಂದು ದೀಪಾವಳಿಯ ಹಿಂದೆಮುಂದೆ. ಧರ್ಮಪುರದ ಕಡೆಯ ಹಟ್ಟಿಯವಳು, ಕುರಿ ಕಾಯುವ ಮನೆತನ. ಮಂದೆಯನ್ನು ರಸ್ತೆ ದಾಟಿಸುವಾಗ ಲಾರಿ ತಾಗಿ ಮೊಣಕಾಲ ಕೆಳಗೆ ಮೂಳೆ ಮುರಿದಿತ್ತು. ಗಂಡ ಜುಂಜಣ್ಣ ಅವಳನ್ನು ಅದೇ ಲಾರಿಯಲ್ಲೇ ಹಾಕಿಕೊಂಡು ಬಂದಿದ್ದ. ಆಪರೇಷನ್ ಚೆನ್ನಾಗಿ ಆಯಿತು. ಪ್ಲೇಟು ಮೂಳೆಗೆ ಅಂಗಿ ತೊಡಿಸಿದಂತೆ ಕೂತಿತು. ಕಟ್ಟು ಬಿಚ್ಚಿದ ಮೇಲೆ ಕೋಲೂರಿ ನಡೆದುಕೊಂಡೇ ಊರಿಗೆ ಹೋದಳು.

ಯುಗಾದಿ ಕಳೆದ ಮೇಲೆ ತಿರುಗಿ ಬಂದಳು. ಕಾಲು ಊದಿತ್ತು. ಗಾಯದ ಗುರುತಿನ ಒಂದು ತುದಿಯಲ್ಲಿ ಸಣ್ಣ ತೂತಾಗಿ, ತೆಳ್ಳಗೆ ಕಂದು ನೀರು ಸೋರುತ್ತಿತ್ತು. ಜ್ವರವಿಲ್ಲ. ಸೋರಿದ್ದನ್ನು ದುರ್ಗದ ಲ್ಯಾಬಿಗೆ ಎರಡು ಸಲ ಕಳಿಸಿದೆವು. ಕ್ರಿಮಿ ಏನೂ ಬೆಳೆಯಲಿಲ್ಲ ಎಂದು ಎರಡು ಸಲವೂ ಉತ್ತರ ಬಂತು.

ಟ್ರಸ್ಟಿನ ಕಾರ್ಯದರ್ಶಿ ಶೇಂಗಾ ಎಣ್ಣೆ ಗಿರಣಿ ನಡೆಸುತ್ತಿದ್ದವರು. ಕೆಟ್ಟವರಲ್ಲ. ಆದರೆ ಅಷ್ಟು ಹೊತ್ತಿಗೆ ಹಟ್ಟಿಯಿಂದ ಹಟ್ಟಿಗೆ ಮಾತು ಹಬ್ಬಿತ್ತು, ಆ ಆಸ್ಪತ್ರೆಯಲ್ಲಿ ಪ್ಲೇಟು ಹಾಕಿಸಿಕೊಂಡರೆ ಕಾಲು ಕೊಳೆಯುತ್ತದೆ ಎಂದು.

"ಸಾರ್, ಸೋರ್ತೈತೆ ಅಂದ್ರೆ ಜನಕ್ಕೆ ಒಂದೇ ಅರ್ಥ, ಕೊಳಕು," ಅಂದರು ಕಾರ್ಯದರ್ಶಿ. "ಕೊಳಕು ಅಂದ್ರೆ ಥಿಯೇಟರ್ ನೋಡ್ಕಳ್ಳೋರ ತಪ್ಪು. ಸಿಸ್ಟರ್ನ ಮನೆಗೆ ಕಳಿಸ್ತೀವಿ. ಜನರ ಬಾಯಿ ಮುಚ್ಚುತ್ತೆ."

ಸಿಸ್ಟರ್ ಅಂದರೆ ಆಪರೇಷನ್ ಥಿಯೇಟರಿನ ನರ್ಸ್ ಶಾಂತಮ್ಮ. ಹೊಳಲ್ಕೆರೆಯವರು, ಗಂಡನಿಲ್ಲದ ಹೆಂಗಸು, ಇಬ್ಬರು ಹೆಣ್ಣುಮಕ್ಕಳನ್ನು ಓದಿಸುತ್ತಿದ್ದರು. ಆ ಸರ್ಜನ್ನಿನ ಕೈಕೆಳಗೆ ಅಷ್ಟು ವರ್ಷ ಗ್ಲೌಸು ತೊಳೆದ ಹೆಂಗಸಿಗೆ ಕೊಳಕು ಎಂಬ ಹೆಸರು ಹಚ್ಚುವುದೆಂದರೆ ನನಗೆ ತಡೆಯಲಾಗಲಿಲ್ಲ. ಅವರು ಶಾಂತಮ್ಮನ ಪರವಾಗಿ ಎರಡು ಮಾತಾಡಿದರೆ ಸಾಕಿತ್ತು. ಕಾರ್ಯದರ್ಶಿಗೆ ಅವರ ಮೇಲೆ ಗೌರವವಿತ್ತು.

ಅವರು ಏನು ಮಾಡಿದರು ಗೊತ್ತೆ? ಮೊದಲು ಕಾರ್ಯದರ್ಶಿಗೆ, "ಕ್ರಿಮಿ ಇಲ್ಲ ಅಂದ ಮ್ಯಾಲೆ ಕೊಳಕು ಎಲ್ಲಿಂದ ಬಂತು? ಇದು ಮೈ ಆ ಪ್ಲೇಟಿನ ಜೊತೆ ಮಾಡ್ತಿರೋ ಜಗಳ. ನಿಮಗೆ ಎಣ್ಣೆ ಗೊತ್ತು, ಇದು ಗೊತ್ತಾಗಲ್ಲ, ಸುಮ್ನಿರ್ರಿ," ಎಂದು ಗದರಿದರು. ಕಾರ್ಯದರ್ಶಿಯ ಮುಖ ಕೆಂಪಾಯಿತು. ಆಮೇಲೆ ಶಾಂತಮ್ಮನ ಕಡೆ ತಿರುಗಿ, ಎಲ್ಲರ ಎದುರಿಗೆ, "ಸಿಸ್ಟರ್, ಗ್ಲೌಸಿನ ಪುಡಿ ಉಳಿದಿದ್ರೂ ಹಿಂಗಾಗ್ತೈತೆ. ಪುಡಿಯಿಂದ ಆಗಿದ್ರೆ ತಪ್ಪು ನಿಮ್ದು. ಅಲ್ಲಾಂದ್ರೆ ಅಲ್ಲ. ನೋಡಾಣ," ಎಂದರು.

ಶಾಂತಮ್ಮನ ಕಣ್ಣಲ್ಲಿ ನೀರು ತುಂಬಿತು. ಕಾರ್ಯದರ್ಶಿ, "ನೋಡಿ ಹೇಳ್ರಿ. ಅಲ್ಲೀತನಕ ಸಿಸ್ಟರ್ ಮನೇಲಿರ್ಲಿ," ಎಂದು ಎದ್ದು ಹೋದರು.

ನಾನು ಅವರ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. "ನಿಮಗೆ ಬುದ್ಧಿ ಇದೆಯಾ ಸಾರ್?" ಎಂದೆ. ಅದಕ್ಕೆ ಮುಂಚೆ ಯಾವ ಹಿರಿಯರಿಗೂ ಹಾಗೆ ಕೇಳಿದವಳಲ್ಲ.

"ಯಾಕ್ರಿ? ಗೊತ್ತಿಲ್ಲದ್ದನ್ನ ಗೊತ್ತು ಅಂತ ಹೇಳ್ಲಾ?"

"ಅವರ ತಪ್ಪಿಲ್ಲ ಅಂತ ನಿಮಗೆ ಅನ್ನಿಸ್ತಿಲ್ವಾ?"

"ಅನ್ನಿಸ್ತೈತೆ. ಅನ್ನಿಸಿದ್ದಕ್ಕೆ ಬೆಲೆ ಇಲ್ಲ," ಎಂದು ಕನ್ನಡಕ ತೆಗೆದು ಸ್ಪಿರಿಟ್ ಹತ್ತಿಯಿಂದ ಒರೆಸಿಕೊಂಡರು. ಆ ಹತ್ತಿಯನ್ನು ಅವರ ಬಾಯಿಗೆ ತುರುಕಬೇಕೆನ್ನಿಸಿತು.

ಕರಿಯಮ್ಮನ ಮೂಳೆ ಅಷ್ಟು ಹೊತ್ತಿಗೆ ಕೂಡಿಕೊಂಡಿತ್ತು. ಪ್ಲೇಟು ತೆಗೆದುಬಿಟ್ಟೆವು. ಅದರ ಸುತ್ತಲಿನ ಮಾಂಸ ಕಂದಾಗಿತ್ತು. ಅದರ ಒಂದು ಚೂರನ್ನು ಅವರು ಸೀಸೆಯಲ್ಲಿ ಹಾಕಿ ದುರ್ಗದಲ್ಲಿದ್ದ ಸ್ನೇಹಿತ ಪೆಥಾಲಜಿಸ್ಟರಿಗೆ ಕೊಟ್ಟು ಸ್ಲೈಡು ಮಾಡಿಸಿದರು. ಸ್ಲೈಡಿನಲ್ಲಿ ಬಿಳಿ ಕಣಗಳ ಜಾತ್ರೆಯೇ ಸೇರಿದ್ದು ಕಂಡಿತು. ಆದರೆ ಯಾತಕ್ಕೆ ಸೇರಿವೆ ಎಂದು ಅದೊಂದರಿಂದಲೇ ಹೇಳಲಾಗದು, ಹೋಲಿಸಿ ನೋಡಲು ಬೇರೆ ಸ್ಲೈಡು ಬೇಕು ಎಂದು ಇವರೇ ಹೇಳಿದರು.

ಹಾಗೆ ಕುರಿ ಬಂತು.

ಕುರಿ ಕೊಟ್ಟವನು ಜುಂಜಣ್ಣ. ಹೆಂಡತಿಯ ಕಾಲು ಹೀಗೇಕಾಯಿತೆಂದು ತಿಳಿಯಲು ಕುರಿ ಬೇಕು ಎಂದರೆ ಯಾರಾದರೂ ಬೈದು ಕಳಿಸುತ್ತಿದ್ದರು. ಅವನು ಮಾತ್ರ, "ಕೊಯ್ಯಾಕೇನು ಸಾಮಿ?" ಎಂದು ಕೇಳಿದ.

"ಕೊಯ್ಯಲ್ಲಪ್ಪ. ಚರ್ಮದ ಕೆಳಗೆ ಪ್ಲೇಟಿನ ಸಣ್ಣ ಸಣ್ಣ ಚೂರು ಇಡ್ತೀನಿ. ಕೆಲವು ದಿನ ಆದ ಮ್ಯಾಲೆ ತೆಗೀತೀನಿ."

"ಅದಕ್ಕೆ ನೋವಾಗದಂಗೆ ಸೂಜಿ ಹಾಕ್ತೀರಾ?"

"ಹಾಕ್ತೀನಿ."

"ಹಂಗಾದ್ರೆ ತಗಳ್ರಿ. ವಾಪಸ್ ಕೊಡಬೇಕು ಮತ್ತೆ."

ಮೂರು ಚೂರು. ಎಲ್ಲ ಒಂದೇ ಪ್ಲೇಟಿನಿಂದ ಕತ್ತರಿಸಿದ್ದು. ಒಂದನ್ನು ಉಜ್ಜಿ ತೊಳೆದು ಚೊಕ್ಕ ಮಾಡಿದ್ದು. ಒಂದಕ್ಕೆ ಗ್ಲೌಸಿನ ಪುಡಿ ಹಚ್ಚಿದ್ದು. ಮೂರನೆಯದನ್ನು ಅವರು ತಮ್ಮ ಇಕ್ಕಳದಿಂದ ಹಿಡಿದು ಬಗ್ಗಿಸಿದರು. ಅದೇಕೆ ಎಂದು ಕೇಳಿದೆ. "ಬಗ್ಗಿಸೋದೂ ಒಂದು ಹೆಜ್ಜೆ. ಬಿಡಬಾರದು," ಎಂದರು, ತೀರ ಸಾಮಾನ್ಯ ಮಾತೆಂಬಂತೆ. ಕುರಿಯ ಪಕ್ಕೆಯಲ್ಲಿ ಅಲ್ಲಲ್ಲಿ ಉಣ್ಣೆ ಬೋಳಿಸಿ, ಮರಗಟ್ಟುವ ಸೂಜಿ ಕೊಟ್ಟು, ಒಂದೊಂದನ್ನೂ ಬೇರೆ ಬೇರೆ ಕಡೆ ಇಟ್ಟು ಹೊಲಿದರು. ಕುರಿಯ ತಲೆ ಹಿಡಿದುಕೊಳ್ಳುವ ಭಾಗ್ಯ ನನ್ನದಾಯಿತು. ಎಂ.ಬಿ.ಬಿ.ಎಸ್. ಓದಿದ್ದು ಇದಕ್ಕಾ ಎಂದುಕೊಂಡೆ.

ಕುರಿಯನ್ನು ಹೆರಿಗೆ ವಾರ್ಡಿನ ಹಿಂದಿನ ಬೇವಿನ ಮರಕ್ಕೆ ಕಟ್ಟಿದರು. ಬೇರೆಲ್ಲಾದರೂ ಕಟ್ಟಿ ಎಂದರೆ ಕೇಳಲಿಲ್ಲ. ಅಲ್ಲಿ ನೆರಳಿದೆ ಎಂದರು. ಒಳಗೆ ಬಸುರಿ ನರಳಿದಾಗಲೆಲ್ಲ ಹೊರಗೆ ಕುರಿ ಅರಚುತ್ತಿತ್ತು. ಒಣಗಲು ಹಾಕಿದ್ದ ನನ್ನ ಹತ್ತಿ ಸೀರೆಯ ಸೆರಗನ್ನು ಜಗಿದುಹಾಕಿತು. ಒಬ್ಬ ಅಜ್ಜಿ ಮೊಮ್ಮಗುವನ್ನು ನೋಡಲು ಬಂದವಳು, "ಡಾಕ್ಟ್ರಮ್ಮ, ಹೆರಿಗೆ ಆದೋರಿಗೆ ಬಾಡೂಟನೂ ಐತೇನು ಇಲ್ಲಿ?" ಎಂದು ಆಸೆಯಿಂದ ಕೇಳಿದಳು. ಜುಂಜಣ್ಣ ಸಂತೆಗೆ ಬಂದಾಗಲೆಲ್ಲ ಆಸ್ಪತ್ರೆಗೆ ಬಂದು, ಹೆಂಡತಿಯ ಕಾಲಿಗಿಂತ ಮೊದಲು ಕುರಿಯನ್ನು ನೋಡಿ, "ಬಡವಾಗೈತೆ. ಹುಲ್ಲು ಹಾಕ್ತೀರೋ ಬರೀ ನೋಡ್ತೀರೋ," ಎಂದು ಸರ್ಜನ್ನನ್ನೇ ಬೈಯುತ್ತಿದ್ದ. ಆಗ ಮಾತ್ರ ಅವರು ತಿರುಗಿ ಮಾತಾಡುತ್ತಿರಲಿಲ್ಲ.

ಹುಲ್ಲು ಹಾಕುತ್ತಿದ್ದವರು ಶಾಂತಮ್ಮ. ಕೆಲಸವಿಲ್ಲದಿದ್ದರೂ ಬೆಳಗ್ಗೆ ಎದ್ದು ಬರುತ್ತಿದ್ದರು. "ಇದು ಸತ್ತರೆ ಲೆಕ್ಕ ಅಲ್ಲಿಗೇ ನಿಂತೋಗುತ್ತೆ," ಅನ್ನುತ್ತಿದ್ದರು. "ನನ್ ಹಣೆಬರಹ ಈ ಕುರಿ ಪಕ್ಕೇಲಿ ಹೊಲ್ದಿಟ್ಟವ್ರೆ ಡಾಕ್ಟ್ರಮ್ಮ. ಅದಕ್ಕೇನಾದ್ರೂ ಆಗ್ಲಿಕ್ಕೆ ಬಿಡ್ತೀನಾ?" ಸರ್ಜನ್ ಎದುರಾದರೆ ಮಾತ್ರ ಮುಖ ತಿರುಗಿಸುತ್ತಿದ್ದರು. ಅವರು ಅದನ್ನು ಗಮನಿಸುತ್ತಲೂ ಇರಲಿಲ್ಲ. ಕುರಿಯ ಪಕ್ಕೆ ತಡವಿ, "ಹುಲ್ಲು ಒಣಗಿದ್ದು ಹಾಕ್ರಿ," ಎಂದು ಹೇಳಿ ಹೋಗುತ್ತಿದ್ದರು.

ಮಳೆ ಶುರುವಾದ ಮೇಲೆ ಚೂರುಗಳನ್ನು ಸುತ್ತಲಿನ ಮಾಂಸದೊಂದಿಗೆ ತೆಗೆದು, ಮತ್ತೆ ದುರ್ಗಕ್ಕೆ ಒಯ್ದರು. ಸ್ಲೈಡುಗಳನ್ನು ಕರ್ಚೀಫಿನಲ್ಲಿ ಸುತ್ತಿ ತಂದ ದಿನ ನನ್ನನ್ನು ಮೈಕ್ರೋಸ್ಕೋಪಿನ ಮುಂದೆ ಕೂರಿಸಿದರು. ಬೈದುಕೊಂಡೇ ಕೂತೆ. ಕಣ್ಣಿಟ್ಟ ಮೇಲೆ ಸ್ವಲ್ಪ ಹೊತ್ತು ಎಲ್ಲ ಮರೆತುಹೋಯಿತು.

ಚೊಕ್ಕ ಚೂರಿನ ಸುತ್ತ ಮೈ ಒಂದು ತೆಳು ಪೊರೆ ಕಟ್ಟಿ ತನ್ನ ಪಾಡಿಗೆ ತಾನಿತ್ತು. ಪುಡಿ ಹಚ್ಚಿದ್ದರ ಸುತ್ತ ಬಿಳಿ ಕಣಗಳು ದಂಡಾಗಿ ನಿಂತಿದ್ದವು. ಕಣಗಳ ಹೊಟ್ಟೆಯೊಳಗೆ ಪುಡಿಯ ಹರಳು ಮಿನುಗುತ್ತಿದ್ದವು. ಇಕ್ಕಳದಿಂದ ಬಗ್ಗಿಸಿದ್ದರ ಸುತ್ತಲೂ ದಂಡಿತ್ತು. ಅಲ್ಲಿ ಕೆಲವು ಕಣಗಳು ಒಂದಕ್ಕೊಂದು ಬೆರೆತು ದೊಡ್ಡ ದೊಡ್ಡ ರಾಕ್ಷಸ ಕಣಗಳಾಗಿದ್ದವು. ನುಂಗಲಾಗದ್ದನ್ನು ನುಂಗಲು ಕೂಡಿಕೊಂಡಂತೆ. ಹರಳಿರಲಿಲ್ಲ. ಕಣಗಳೊಳಗೆಲ್ಲ ಕಂದು ಚುಕ್ಕಿ.

"ಈಗ ಕರಿಯಮ್ಮಂದು ನೋಡ್ರಿ," ಎಂದು ಸ್ಲೈಡು ಬದಲಿಸಿದರು.

ಹರಳಿರಲಿಲ್ಲ. ರಾಕ್ಷಸ ಕಣ, ಕಂದು ಚುಕ್ಕಿ.

ನಾನು ತಲೆ ಎತ್ತಿದೆ. ಅವರು ಇಕ್ಕಳವನ್ನು ಬಟ್ಟೆ ಬಿಚ್ಚಿ ಮೇಜಿನ ಮೇಲೆ ಇಟ್ಟಿದ್ದರು. "ಕಮ್ಮಾರನ ಕಬ್ಬಿಣ," ಎಂದರು. "ಸ್ಟೀಲನ್ನ ಒತ್ತಿದಾಗ ಅದರ ಪುಡಿ ಸ್ಟೀಲಿನ ಮೈಗೆ ಹತ್ತಿಕಂಡೈತೆ. ಒಳಗೆ ಹೋಗಿ ತುಕ್ಕು ಹಿಡಿದೈತೆ. ಕುದಿಸಿದ್ರೆ ಕ್ರಿಮಿ ಸಾಯ್ತವೆ, ಕಬ್ಬಿಣ ಸಾಯಲ್ಲ." ಇಕ್ಕಳವನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿ, "ಎಲ್ಲಾ ತೊಳೆದೆ ನಾನು," ಎಂದರು.

ಅವರ ದನಿ ಅಷ್ಟು ಸಣ್ಣದಾಗಿದ್ದನ್ನು ನಾನು ಕೇಳಿರಲಿಲ್ಲ. ಸಮಾಧಾನ ಹೇಳೋಣವೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವರು, "ಹಂಗೆ ಉಸಿರು ಬಿಡಬ್ಯಾಡ್ರಿ, ಲೆನ್ಸ್ ಮಂಜಾಗ್ತೈತೆ," ಎಂದರು.

ಟ್ರಸ್ಟಿನ ಮೀಟಿಂಗು ಗಿರಣಿಯ ಆಫೀಸಿನಲ್ಲಿ ನಡೆಯಿತು. ಮೈಕ್ರೋಸ್ಕೋಪನ್ನು ಎತ್ತಿಕೊಂಡು ಹೋಗಿ, ಶೇಂಗಾ ಹಿಂಡಿಯ ವಾಸನೆಯ ನಡುವೆ, ಸದಸ್ಯರೆಲ್ಲ ಒಬ್ಬೊಬ್ಬರಾಗಿ ನೋಡಬೇಕೆಂದು ಹಟ ಹಿಡಿದರು. ಕಾರ್ಯದರ್ಶಿ ನೋಡುವ ಕಣ್ಣನ್ನೇ ಮುಚ್ಚಿಕೊಂಡು, ಇನ್ನೊಂದನ್ನು ಬಿಟ್ಟುಕೊಂಡು, "ಹೂಂ, ಕಾಣ್ತೈತೆ," ಎಂದರು. ಇವರು ಬಿಡಲಿಲ್ಲ, ಸರಿಯಾಗಿ ನೋಡುವ ತನಕ ಬೆನ್ನ ಹಿಂದೆ ನಿಂತರು. ಪ್ರೋಟೀನು, ಪೊರೆ, ಬಿಳಿ ಕಣ, ಎಲ್ಲ ಮೊದಲಿಂದ ಹೇಳಿದರು. ಗಿರಣಿಯ ಮ್ಯಾನೇಜರು ಎದ್ದು ಹೋಗಿ ಕೆಲಸ ನೋಡಿಕೊಂಡು ಬಂದರೂ ಮಾತು ಮುಗಿದಿರಲಿಲ್ಲ. ಕಟ್ಟಕಡೆಗೆ ಹೇಳಿದರು: "ಸಿಸ್ಟರ್ ತಪ್ಪು ಏನೂ ಇಲ್ಲ. ಇಕ್ಕಳ ನಂದು. ಬಗ್ಗಿಸಿದ್ದು ನಾನು. ತಪ್ಪು ನಂದು."

ಇದನ್ನು ಮೊದಲೇ ಹೇಳಿದ್ದರೆ ಎಲ್ಲರೂ ಊಟಕ್ಕೆ ಹೋಗಬಹುದಿತ್ತು.

ಕಾರ್ಯದರ್ಶಿ ನಿಜಕ್ಕೂ ದೊಡ್ಡತನ ತೋರಿಸಿದರು. "ಆಯ್ತು ಬಿಡ್ರಿ ಸಾರ್. ಸಿಸ್ಟರ್ ನಾಳೆಯಿಂದ ಕೆಲಸಕ್ಕೆ ಬರ್ಲಿ. ಇಕ್ಕಳ ಬಿಸಾಕ್ರಿ. ಈ ಮಾತು ಇಲ್ಲಿಗೇ ಮುಗೀಲಿ."

"ಮುಗಿಯಲ್ಲ," ಎಂದರು ಇವರು. "ಆ ಇಕ್ಕಳದಾಗೆ ಬಗ್ಗಿಸಿದ ಪ್ಲೇಟು ಇನ್ನೂ ಜನರ ಮೈಯಾಗವೆ. ಅವರನ್ನೆಲ್ಲ ಕರೆಸಿ ನೋಡ್ಬೇಕು."

"ಕರೆಸಿದ್ರೆ ಆಸ್ಪತ್ರೆ ಹೆಸರು ಏನಾಗ್ತೈತೆ ಗೊತ್ತಾ ಸಾರ್? ಒಬ್ಬರು ಒಳಗೆ ಕಾಲಿಡಲ್ಲ."

"ಕರೆಸದಿದ್ರೆ ನಾನೇ ಹೋಗ್ತೀನಿ."

ಹೋದರು ಕೂಡ. ರಜೆ ಹಾಕಿ, ಬಸ್ಸಿನಲ್ಲಿ, ಊರೂರಿಗೆ. ಒಮ್ಮೆ ಯಲ್ಲದಕೆರೆಗೆ ನನ್ನನ್ನೂ ಎಳೆದುಕೊಂಡು ಹೋದರು. ಅಲ್ಲೊಬ್ಬ ರೈತ, ಮುಂಗೈಗೆ ಪ್ಲೇಟು ಹಾಕಿಸಿಕೊಂಡವನು, ಹೊಲದಲ್ಲಿ ಕಳೆ ಕೀಳುತ್ತಿದ್ದ. ಇವರು ಬದುವಿನ ಮೇಲೆ ನಿಂತೇ ಅವನ ಕೈ ಹಿಡಿದು ಒತ್ತಿ ಒತ್ತಿ ನೋಡಿದರು.

"ಏನೂ ಇಲ್ಲ ಸಾರ್, ಚೆನ್ನಾಗೈತೆ. ಬಿಡ್ರಿ, ಕೆಲ್ಸ ಐತೆ."

"ಮುಂದೆ ಊದಿದ್ರೆ, ಸೋರಿದ್ರೆ, ತಕ್ಷಣ ಬಾ. ತಪ್ಪು ನನ್ನಿಂದ ಆಗಿರಬಹುದು."

ರೈತ ನನ್ನ ಮುಖ ನೋಡಿದ. "ಚೆನ್ನಾಗಿರೋ ಕೈಗೆ ಯಾಕಮ್ಮ ಹಿಂಗೆ ಹೆದರಿಸ್ತಾರೆ?" ಎಂದು ಕೇಳಿದ. ಅವನ ಹೆಂಡತಿ ಆ ದಿನದಿಂದ ಆ ಕೈಯಲ್ಲಿ ಕೊಡ ಎತ್ತಲು ಬಿಡಲಿಲ್ಲವೆಂದು ಆಮೇಲೆ ಕೇಳಿದೆ. ಅವನ ಕೈಗೆ ಕೊನೆಯ ತನಕ ಏನೂ ಆಗಲಿಲ್ಲ. ನೋಡಿದವರಲ್ಲಿ ಬಹುಪಾಲು ಜನರಿಗೆ ಏನೂ ಆಗಿರಲಿಲ್ಲ. ಹೊಳಲ್ಕೆರೆಯ ಕಡೆಯ ಒಬ್ಬ ಮುದುಕನ ತೊಡೆಯಲ್ಲಿ ಊತವಿತ್ತು. ಯಾರಿಗೂ ಹೇಳದೆ ಎಲೆಯ ಪಟ್ಟು ಕಟ್ಟಿಕೊಂಡಿದ್ದ. ಅವನನ್ನು ಕರೆತಂದು ಪ್ಲೇಟು ತೆಗೆದರು. ಅವನ ಕಾಲು ಉಳಿಯಿತು. ಅಷ್ಟು ಊರು ಅಲೆದದ್ದಕ್ಕೆ ಸಿಕ್ಕಿದ್ದು ಆ ಒಂದು ಕಾಲು. ಸಾಲದೇ ಎಂದು ಅವರು ಕೇಳುತ್ತಿದ್ದರು, ಸಾಲದು ಎನ್ನಲು ನನಗೆ ಧೈರ್ಯವಿರಲಿಲ್ಲ.

ಆ ಅಲೆದಾಟ ಮುಗಿಯುವ ಹೊತ್ತಿಗೆ ಟ್ರಸ್ಟಿನವರ ತಾಳ್ಮೆಯೂ ಮುಗಿದಿತ್ತು. ಬಿಟ್ಟು ಹೋಗಿ ಎಂದು ಅವರು ಹೇಳಿದರೋ, ಹೋಗುತ್ತೇನೆ ಎಂದು ಇವರೇ ಹೇಳಿದರೋ, ಇಬ್ಬರೂ ಒಂದೇ ದಿನ ಹೇಳಿದರೆಂದು ಕಾಣುತ್ತದೆ. ಹೊರಡುವ ದಿನ ಜುಂಜಣ್ಣ ಬಂದು ಕುರಿಯನ್ನು ಬಿಚ್ಚಿಕೊಂಡು ಹೋದ. ಅದು ಗುಂಡಗಾಗಿತ್ತು, ಶಾಂತಮ್ಮನ ಕೈಯ ಹುಲ್ಲು. ಶಾಂತಮ್ಮ ಸರ್ಜನ್ನಿಗೆ ನಮಸ್ಕಾರ ಮಾಡಿ ಒಳಗೆ ಬಂದರು.

"ಉಪಕಾರ ಮಾಡಿದ್ರು, ಇಲ್ಲ ಅನ್ನಲ್ಲ," ಎಂದರು ನನ್ನ ಹತ್ತಿರ. "ಆದ್ರೆ ಎಲ್ಲರ ಎದುರಿಗೆ ನನ್ ಮೇಲೆ ಅನುಮಾನ ಪಟ್ಟಿದ್ದು ಯಾಕೆ? ನಾಲ್ಕು ಗೋಡೆ ಒಳಗೆ ಕೇಳಬಹುದಿತ್ತಲ್ಲ." ಆ ಮನುಷ್ಯನಿಗೆ ನಾಲ್ಕು ಗೋಡೆ ಎಂಬುದೇ ಗೊತ್ತಿರಲಿಲ್ಲ. ತನ್ನ ತಪ್ಪನ್ನು ಹೇಳುವಾಗಲೂ ಗೊತ್ತಾಗಲಿಲ್ಲ. ಅನುಮಾನವನ್ನು ಬಚ್ಚಿಟ್ಟುಕೊಳ್ಳಬಲ್ಲವರಾಗಿದ್ದರೆ ತಪ್ಪನ್ನೂ ಬಚ್ಚಿಡುತ್ತಿದ್ದರೇನೋ. ಇದು ನನಗೆ ಹೊಳೆದದ್ದು ಬಹಳ ವರ್ಷದ ಮೇಲೆ. ಹೊಳೆದ ಮೇಲೂ ಸಿಟ್ಟೇನೂ ಕಡಿಮೆಯಾಗಲಿಲ್ಲ.

ಅವರು ಹೋಗಿ ಸ್ವಲ್ಪ ದಿನಕ್ಕೆ ಕರಿಯಮ್ಮ ಬಂದಳು. ಕೋಲಿರಲಿಲ್ಲ. ಗಾಯ ಒಣಗಿ, ಕಾಲಿನ ಮೇಲೆ ಬೆಳ್ಳನೆ ಗೆರೆ ಮಾತ್ರ ಉಳಿದಿತ್ತು. ಸೆರಗಿನಲ್ಲಿ ಅವರೆಕಾಯಿ ಕಟ್ಟಿಕೊಂಡು ಬಂದಿದ್ದಳು, ಡಾಕ್ಟರಿಗೆಂದು. ಅವರು ಕೆಲಸ ಬಿಟ್ಟು ಹೋದರು ಎಂದೆ. ಹೊರಗಿನ ಕಟ್ಟೆಯ ಮೇಲೆ ಕೂತಳು. ಅವರೆಕಾಯಿಯನ್ನು ನನಗೆ ಕೊಡಲೋ ಬೇಡವೋ ಎಂದು ಸ್ವಲ್ಪ ಹೊತ್ತು ಯೋಚಿಸಿ, ಕೊಟ್ಟಳು.

"ನಮ್ ಹಟ್ಟಿಗೆ ಬಂದಿದ್ರು, ಗೊತ್ತೇನ್ರಿ?" ಎಂದಳು. "ಬಾಗ್ಲಲ್ಲಿ ನಿಂತು, ತಪ್ಪು ನಂದು ಕಣಮ್ಮ, ನಿನ್ ಕಾಲು ನನ್ನಿಂದ ಹಂಗಾತು, ಅಂದ್ರು. ಡಾಕ್ಟ್ರ ಬಾಯಾಗೆ ಹಂಗಂತ ಬಂದಿದ್ದು ನಾ ಎಲ್ಲೂ ಕೇಳಿಲ್ಲ. ನಮ್ ಯಜಮಾನ್ರು ಗೋಡೆ ಕಡೆ ತಿರುಗಿ ಕಣ್ ಒರೆಸ್ಕಂಡ್ರು."

"ಹೌದಾ?" ಎಂದೆ.

"ಹೂಂ ಕಣಮ್ಮ. ಆಮೇಲೆ ಕುಂತ್ಕಂಡು ಶುರು ಮಾಡಿದ್ರು ನೋಡು, ಯಾಕಂಗಾತು ಅಂತ. ಕಣ ಅಂತೆ, ಪೊರೆ ಅಂತೆ. ನಾ ಹೂಂಗುಟ್ಟಿದೆ, ಹೂಂಗುಟ್ಟಿದೆ. ಅವರ ಮಾತು ಮುಗಿಯೋ ಹೊತ್ತಿಗೆ ಹಿರಿಯೂರು ಬಸ್ಸು ಹೊಂಟೋಗಿತ್ತು. ಆ ರಾತ್ರಿ ನಮ್ಮನೇಲೇ ಉಂಡು ಮಲಗಿದ್ರು," ಎಂದಳು. "ಗಂಗಾಳ ಮಾತ್ರ ಎರಡೆರಡು ಸಲ ತೊಳಸಿದ್ರು," ಎಂದು ಎದ್ದು, ಸೆರಗು ಕೊಡವಿಕೊಂಡು ಹೊರಟಳು.